ಓವಿದಿಯೊನ ಮೂರನೆಯ ಮರಿದೋಣಿ

ಓವಿದಿಯೊ ಆ ರಾತ್ರಿ ಇನ್ನು ಹತ್ತೇ ನಿಮಿಷ ಎಚ್ಚರವಾಗಿದ್ದಿದ್ದರೆ ಈ ಕತೆಗೆ ಜಾಗವೇ ಇರುತ್ತಿರಲಿಲ್ಲ. ಮಾಡಬೇಕಿದ್ದದ್ದು ಇಷ್ಟೇ: ಹಾಯಿದೋಣಿಯ ಹಿಂದೆ ನೀರಲ್ಲಿ ತೇಲುತ್ತಿದ್ದ ಮರಿದೋಣಿಯನ್ನು ಎರಡು ಕೊಕ್ಕೆಗೆ ಸಿಕ್ಕಿಸಿ, ಹಗ್ಗ ಜಗ್ಗಿ, ಮೇಲಕ್ಕೆತ್ತಿ ನೇತುಹಾಕುವುದು. ನಮ್ಮ ಟಿರೆಲ್ ಕೊಲ್ಲಿಯಲ್ಲಿ ಲಂಗರು ಹಾಕಿದವರೆಲ್ಲ ಮಲಗುವ ಮುಂಚೆ ಮಾಡುವ ಕೆಲಸ. ಹಲ್ಲುಜ್ಜುವುದನ್ನಾದರೂ ಮರೆತಾರು, ಇದನ್ನು ಮರೆಯರು. ಗಾಳಿ ತುಂಬಿದ ಆ ರಬ್ಬರ್ ಮರಿದೋಣಿ ಹೋಯಿತೆಂದರೆ ಕಾಲೇ ಹೋದ ಹಾಗೆ. ದಡಕ್ಕೆ ಹೋಗುವಂತಿಲ್ಲ, ಬ್ರೆಡ್ಡು ತರುವಂತಿಲ್ಲ, ನೀರಿನ ನಡುವೆ ಸ್ವಂತ ಮನೆಯಲ್ಲೇ ಸೆರೆವಾಸ.

ಮರಿದೋಣಿಯ ಎಂಜಿನ್ನನ್ನೇನೋ ಬಿಚ್ಚಿ ಮೇಲಿನ ಕಂಬಿಗೆ ಕಟ್ಟಿದ. ಅಷ್ಟರಲ್ಲಿ ಊಟದ ಜೊತೆ ಇಳಿಸಿದ್ದ ವೈನು ಕಣ್ಣಿಗೇರಿತು.

"ಮುದುಕಾ, ಮರಿದೋಣಿ ಎತ್ತಿದ್ಯಾ?" ಎಂದು ಒಳಗಿನಿಂದ ಹೆಂಡತಿ ನೇಲಿದಾ ಕೂಗಿದಳು. ಅವರ ಅರ್ಜೆಂಟೀನಾ ಕಡೆ ಹೆಂಡತಿ ಗಂಡನನ್ನು ಹೀಗೇ ಕರೆಯುವುದು. ಪ್ರೀತಿ ಬಂದಾಗಲೂ ಮುದುಕಾ, ಸಿಟ್ಟು ಬಂದಾಗಲೂ ಮುದುಕಾ. ಯಾವುದು ಎಂದು ಧ್ವನಿಯಿಂದ ತಿಳಿದುಕೊಳ್ಳಬೇಕು.

"ಎತ್ತಿದೆ, ಎತ್ತಿದೆ," ಎಂದು ಅವನು ಹಾಸಿಗೆಗೆ ಬಿದ್ದ. ನೇಲಿದಾ ಬೆಳಗಿನ ಸಂತೆಯ ವಿಷಯ, ತರಕಾರಿಯ ಕತ್‌ಬರ್ಟ್‌ನ ವಿಷಯ, ಇನ್ನೂ ಏನೇನೋ ಹೇಳುತ್ತಲೇ ಇದ್ದಳು. ಅವನು ಹ್ಞೂಂ ಹ್ಞೂಂ ಎನ್ನುತ್ತಾ ಹಾಗೇ ಗೊರಕೆಗೆ ಇಳಿದ.

ಓವಿದಿಯೊ ರೊಸಾರಿಯೊ ಕಡೆಯ ಒಂದು ರೈಲು ನಿಲ್ದಾಣದಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಮನೆ ಮಾರಿ, 'ಪಸಿಯೆನ್ಸಿಯಾ', ಅಂದರೆ ತಾಳ್ಮೆ, ಎಂಬ ಹೆಸರಿನ ಹಾಯಿದೋಣಿ ಕೊಂಡು ಹೆಂಡತಿಯೊಂದಿಗೆ ದ್ವೀಪದಿಂದ ದ್ವೀಪಕ್ಕೆ ತಿರುಗುತ್ತಿದ್ದ. ಹೆಸರಿಗೆ ತಕ್ಕ ತಾಳ್ಮೆ ಆ ದೋಣಿಯಲ್ಲಿ ಯಾರಿಗಾದರೂ ಇದ್ದರೆ ಅದು ನೇಲಿದಾಗೆ. ಆದರೆ ಅದಕ್ಕೂ ಒಂದು ತಳ ಇತ್ತು. ಮೊದಲ ಮರಿದೋಣಿಯನ್ನು ಅವನು ಬ್ರೆಜಿಲ್ ತೀರದಲ್ಲಿ ಕಟ್ಟಲು ಮರೆತು ಕಳೆದ. ಎರಡನೆಯದನ್ನು ವೆನೆಜುವೆಲಾದ ದ್ವೀಪಗಳಲ್ಲಿ ತಾನೇ ಕಂಡುಹಿಡಿದ ಹೊಸ ಬಗೆಯ ಗಂಟು ಹಾಕಿ ಕಳೆದ. ಆವತ್ತು ನೇಲಿದಾ ಕೂಗಾಡಲಿಲ್ಲ. ಬಟ್ಟೆ ಮಡಿಸುತ್ತಾ, "ಮುದುಕಾ, ಇನ್ನೊಂದು ಕಳೆದ್ಯೋ, ದೋಣಿ ಮಾರಿ ಊರಿಗೆ ಹೋಗೋದು. ನಮ್ಮ ಎಲ್ವೀರಾ ಮನೇಲಿ ಕೋಣೆ ಖಾಲಿ ಇದೆ," ಎಂದಳು, ಅಷ್ಟೇ.

ಎಲ್ವೀರಾ ಅಂದರೆ ಅವಳ ಅಕ್ಕ. ಊಟಕ್ಕೆ ಕುಳಿತಾಗ ಚಮಚ ಹಿಡಿಯುವುದನ್ನು ತಿದ್ದುವ ಹೆಂಗಸು. ನೇಲಿದಾಗೆ ಅಕ್ಕನ ಮನೆಯ ಬಾಲ್ಕನಿ, ನಿಂಬೆ ಗಿಡ, ಅಲುಗಾಡದ ನೆಲ ಕನಸಲ್ಲೂ ಬರುತ್ತಿದ್ದವು. ಓವಿದಿಯೊಗೆ ಎಲ್ವೀರಾ ಕನಸಲ್ಲಿ ಬಂದರೆ ಎದ್ದು ನೀರು ಕುಡಿಯುತ್ತಿದ್ದ. ಈ ನೀಲಿ ನೀರು, ಈ ಗಾಳಿ, ಬರಿಮೈಯಲ್ಲಿ ಕುಳಿತು ಕುಡಿಯುವ ಮಾಟೆ ಸೊಪ್ಪಿನ ಕಷಾಯ, ಇವನ್ನು ಬಿಟ್ಟು ಬದುಕುವುದು ಅವನ ಕೈಯಲ್ಲಿ ಆಗದ ಮಾತು.

ಬೆಳಿಗ್ಗೆ ಅವನು ಎದ್ದಾಗ ನೇಲಿದಾ ಸಂತೆಗೆ ಹೋಗಿಯಾಗಿತ್ತು. ತರಕಾರಿ ಮಾರುವ ಕತ್‌ಬರ್ಟ್ ತನ್ನ ದೋಣಿಯಲ್ಲಿ ಕರೆದುಕೊಂಡು ಹೋಗಿರುತ್ತಾನೆ. ಓವಿದಿಯೊ ಕಷಾಯ ತುಂಬಿದ ಸೋರೆಬುರುಡೆ ಹಿಡಿದು ನೇರ ರೇಡಿಯೊ ಮುಂದೆ ಕುಳಿತ. ದಿನಾ ಬೆಳಿಗ್ಗೆ ಕೊಲ್ಲಿಯ ದೋಣಿಯವರೆಲ್ಲ ರೇಡಿಯೊದಲ್ಲಿ ಸೇರುತ್ತಾರೆ. ಯಾರು ಬಂದರು, ಯಾರು ಹೋದರು, ಮಳೆ ಬರುತ್ತದೋ ಇಲ್ಲವೋ, ಎಲ್ಲ ಅಲ್ಲೇ ತೀರ್ಮಾನ. ನಡೆಸಿಕೊಡುವವಳು ಮರ್ಜೊಲೆನ್ ಎಂಬ ಫ್ರೆಂಚ್ ವಿಧವೆ. ಅವಳ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ದುರ್ಬೀನು. ಕೊಲ್ಲಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವಳಿಗೆ ಗೊತ್ತು.

ಆವತ್ತು ಮೊದಲು ಮಾತಾಡಿದ್ದು ಹೊಸದಾಗಿ ಬಂದ ಡಚ್ ಹುಡುಗ ಯುರ್ರೆ. ಪಾಪ, ಮೆತ್ತಗಿನ ಹುಡುಗ.

"ಎಲ್ಲರಿಗೂ ನಮಸ್ಕಾರ. ನಿನ್ನೆ ನಮ್ಮ ಮರಿದೋಣೀದು ಒಂದು ಹುಟ್ಟು ನೀರಿಗೆ ಬಿದ್ದು ತೇಲಿ ಹೋಯ್ತು. ಹಳದಿ ಪಟ್ಟಿ ಇದೆ. ಎಂಜಿನ್ನೂ ಕೆಟ್ಟಿದೆ. ಯಾರಿಗಾದ್ರೂ ಸಿಕ್ಕಿದ್ರೆ ದಯವಿಟ್ಟು ಹೇಳಿ."

ಹಳದಿ ಪಟ್ಟಿಯ ಹುಟ್ಟು ಓವಿದಿಯೊನ ಪಕ್ಕದಲ್ಲೇ ಗೋಡೆಗೆ ಒರಗಿತ್ತು. ಹಿಂದಿನ ಸಂಜೆ ತೇಲಿಬಂದು ಅವನ ದೋಣಿಗೇ ಬಡಿದಿತ್ತು. ಕೊಡುವ ಮನಸ್ಸು ಇರಲಿಲ್ಲ ಅಂತಲ್ಲ. ಆದರೆ ಮೈಕು ಕೈಗೆ ಬಂದ ತಕ್ಷಣ ಒಳಗಿದ್ದ ಸ್ಟೇಷನ್ ಮಾಸ್ಟರ್ ಎದ್ದು ನಿಂತುಬಿಟ್ಟ.

"ನೋಡಪ್ಪಾ ಯುರ್ರೆ, ಕೇಳೋಕೆ ನಾಚಿಕೆ ಆಗ್ಬೇಕು. ನಾನು ದಿನಾ ಬಡ್ಕೋತೀನಿ. ರಾತ್ರಿ ಎಲ್ಲಾ ಎತ್ತಿಡಿ, ಭದ್ರವಾಗಿ ಕಟ್ಟಿ ಅಂತ. ನೀರಲ್ಲಿ ಬಿಟ್ಟಿದ್ದು ಸಿಕ್ಕಿದವರ ಪಾಲು. ಇನ್ಮೇಲೆ ಈ ಕೊಲ್ಲೀಲಿ ಇದೇ ನಿಯಮ. ಆಗ್ಲಾದ್ರೂ ನಿಮ್ಮಂಥ ಹುಡುಗ್ರಿಗೆ ಬುದ್ಧಿ ಬರ್ಲಿ!"

ಯುರ್ರೆ ಸಣ್ಣ ಧ್ವನಿಯಲ್ಲಿ, "ಸರಿ ಸರ್," ಎಂದ.

ಓವಿದಿಯೊ ಎದೆ ಉಬ್ಬಿಸಿಕೊಂಡು ಹೊರಗೆ ಬಂದ. ಹಿಂದಕ್ಕೆ ಹೋಗಿ ಬಗ್ಗಿ ನೋಡಿದ. ಕೊಕ್ಕೆಗಳು ಖಾಲಿ. ನೀರೂ ಖಾಲಿ. ಮರಿದೋಣಿ ಇಲ್ಲ.

ಕಷಾಯದ ಬುರುಡೆ ಕೈಯಿಂದ ಜಾರಿ ಸಮುದ್ರಕ್ಕೆ ಬಿತ್ತು. "ಅಯ್ಯೋ ದೇವರೇ, ಸತ್ತೆ!" ಎಂದು ಅವನು ಅಲ್ಲೇ ಕುಸಿದು ಕುಳಿತ. ಕಣ್ಣ ಮುಂದೆ ಎಲ್ವೀರಾ ಬಾಗಿಲು ತೆರೆದು, 'ಚಪ್ಪಲಿ ಹೊರಗೆ ಬಿಡಿ' ಎಂದಳು.

ಒಳಗೆ ರೇಡಿಯೊ ಕರೆಯಿತು. ಮರ್ಜೊಲೆನ್. "ಓವಿದಿಯೊ, ನಿಮ್ಮ ಕೊಕ್ಕೆ ಖಾಲಿ ಕಾಣ್ತಿದೆಯಲ್ಲ? ಮರಿದೋಣಿ ಎಲ್ಲಿ? ರಾತ್ರಿ ಕಳ್ಳರೇನಾದ್ರೂ ಬಂದಿದ್ರಾ?"

"ಛೇ ಛೇ, ಕಳ್ಳರಂತೆ! ತೇಪೆ ಹಾಕ್ಸೋಕೆ ದಡಕ್ಕೆ ಕಳ್ಸಿದೀನಿ. ಗಾಳಿ ಸೋರ್ತಿತ್ತು," ಎಂದ ಓವಿದಿಯೊ. ಬಾಯಿಗೆ ಬಂದ ಸುಳ್ಳು ಎಷ್ಟು ಸಲೀಸಾಗಿತ್ತೆಂದರೆ ಅವನಿಗೇ ತನ್ನ ಬಗ್ಗೆ ಮೆಚ್ಚುಗೆಯಾಯಿತು.

"ಹೌದಾ... ಹಾಗಾದ್ರೆ ಕಳ್ಳರು ಬಂದಿಲ್ಲ," ಎಂದಳು ಮರ್ಜೊಲೆನ್. ಧ್ವನಿಯಲ್ಲಿ ಯಾಕೋ ನಿರಾಸೆ ಇತ್ತು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಇವನಿರಲಿಲ್ಲ.

ಸಂಜೆ ನೇಲಿದಾ ಬರುವುದರೊಳಗೆ ಮರಿದೋಣಿ ಕೊಕ್ಕೆಯಲ್ಲಿ ತೂಗಬೇಕು. ಯಾರಿಗೂ ತಿಳಿಯಬಾರದು. ಕತ್‌ಬರ್ಟ್‌ನನ್ನು ಕೇಳುವಂತಿಲ್ಲ, ಅವನ ಕಿವಿಗೆ ಬಿದ್ದ ಮಾತು ತರಕಾರಿ ಜೊತೆಗೇ ಮನೆಮನೆಗೆ ಮುಟ್ಟುತ್ತದೆ. ರಾತ್ರಿ ಗಾಳಿ ತಿರುಗಿ ಒಂದು ಜಡಿಮಳೆ ಹೊಡೆದದ್ದು ಓವಿದಿಯೊಗೆ ನೆನಪಿತ್ತು. ಆ ಗಾಳಿಗೆ ತೇಲಿದ್ದು ಕೊಲ್ಲಿಯಂಚಿನ ಉಪ್ಪುಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿಗೇ ಹೋಗಿ ಸಿಕ್ಕಿಕೊಂಡಿರಬೇಕು. ಅಲ್ಲಿಗೆ ಹೋಗುವುದು ಹೇಗೆ? ಈಜೋಣವೆಂದರೆ ಅಷ್ಟು ದೂರ ಈಜಲು ಹೊಟ್ಟೆ ಒಪ್ಪುವುದಿಲ್ಲ.

ಕೊನೆಗೆ ಅತಿಥಿಗಳಿಗೆಂದು ಇಟ್ಟಿದ್ದ ಸ್ಪಂಜಿನ ಹಾಸಿಗೆಯನ್ನು ಎಳೆದು ತಂದ. ಪ್ಲಾಸ್ಟಿಕ್ ಹಾಳೆ ಸುತ್ತಿ, ಹಗ್ಗ ಬಿಗಿದು, ನೀರಿಗೆ ಬಿಟ್ಟು ಮೇಲೆ ಕುಳಿತ. ಹಾಸಿಗೆ ಅವನ ಸೊಂಟ ಮುಳುಗುವವರೆಗೆ ಇಳಿದು ಅಲ್ಲಿಗೆ ತಡೆಯಿತು. ಹಳದಿ ಪಟ್ಟಿಯ ಹುಟ್ಟು ಹಾಕುತ್ತಾ ಕೊಲ್ಲಿಯ ನಡುವೆ ಹೊರಟ. ಎಡಬಲದ ದೋಣಿಗಳಿಂದ ತಲೆಗಳು ಎದ್ದವು.

ರೇಡಿಯೊ ಅವನ ಜೊತೆ ಇರಲಿಲ್ಲ, ಆದರೆ ಪ್ರತಿ ದೋಣಿಯಲ್ಲೂ ಒಂದೊಂದು ಇತ್ತಲ್ಲ. ಮರ್ಜೊಲೆನ್‌ಳ ಧ್ವನಿ ಅವನನ್ನು ನೀರಿನ ಮೇಲೆ ಉದ್ದಕ್ಕೂ ಹಿಂಬಾಲಿಸಿತು. "ಎಲ್ಲರೂ ನೋಡಿ, ಓವಿದಿಯೊ ಹೊಸ ಥರದ ವ್ಯಾಯಾಮ ಮಾಡ್ತಿದಾರೆ. ಈ ವಯಸ್ಸಲ್ಲಿ! ಕಲಿಯೋ ಆಸೆ ಇರೋರು ಸಂಜೆ ಅವರನ್ನೇ ಕೇಳಿ."

ಸ್ವಲ್ಪ ಮುಂದೆ ಯುರ್ರೆ ಸಿಕ್ಕಿದ. ಉಳಿದಿದ್ದ ಒಂದೇ ಹುಟ್ಟು ಹಾಕುತ್ತಾ ತನ್ನ ಮರಿದೋಣಿಯಲ್ಲಿ ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತುತ್ತಿದ್ದ. ಒಂದು ಸುತ್ತು ಮುಗಿಸಿ ಮುಖ ಈ ಕಡೆ ಬಂದಾಗ, "ಸರ್, ಆ ಹುಟ್ಟು..." ಎಂದ. ಮತ್ತೆ ಬೆನ್ನು ತಿರುಗಿತು. ಇನ್ನೊಂದು ಸುತ್ತು ಬಂದಾಗ, "...ನಮ್ಮದರ ಥರಾನೇ ಇದೆ. ಹಳದಿ ಪಟ್ಟಿ," ಎಂದ.

"ಪ್ರಪಂಚದಲ್ಲಿ ನಿಂದೊಂದೇ ಹುಟ್ಟೇನಪ್ಪಾ ಹಳದಿ ಪಟ್ಟೀದು? ಇದು ವ್ಯಾಯಾಮದ ಹುಟ್ಟು," ಎಂದು ಗದರಿ ಓವಿದಿಯೊ ಮುಂದೆ ಸಾಗಿದ.

ಅಷ್ಟು ಸಾಲದೆಂಬಂತೆ ಎದುರಿಗೆ ಕತ್‌ಬರ್ಟ್. ಕೆಂಪು ಹಸಿರು ಬಳಿದ ಅವನ ದೋಣಿ ಸಂತೆಯಿಂದ ಮರಳಿ, ಹಲಸಿನ ಥರದ ಬ್ರೆಡ್‌ಫ್ರೂಟು, ಬಾಳೆಗೊನೆ ತುಂಬಿಕೊಂಡು ಬರುತ್ತಿತ್ತು. ಹಾಸಿಗೆಯ ಮೇಲೆ ಕುಳಿತವನನ್ನು ಕಂಡು ಕತ್‌ಬರ್ಟ್ ಎಂಜಿನ್ನನ್ನೇ ನಿಲ್ಲಿಸಿದ.

"ಏನ್ ಕ್ಯಾಪ್ಟನ್, ಮನೆಯಿಂದ ಹಾಸಿಗೆ ಸಮೇತ ಆಚೆ ಹಾಕಿದ್ರಾ ಅಮ್ಮಾವ್ರು?"

"ವ್ಯಾಯಾಮ ಕಣಯ್ಯಾ!"

"ಓಹೋ! ಇರ್ಲಿ, ಕ್ಯಾಪ್ಟನ್, ನಿಮ್ಮ ದೋಣಿ..."

ಓವಿದಿಯೊ ಹುಟ್ಟನ್ನು ಎತ್ತಿ ಅಡ್ಡ ಹಿಡಿದ. ಇವನಿಗೂ ಗೊತ್ತಾಯಿತೇ? "ಬೇಡ! ಇವತ್ತು ಏನೂ ಬೇಡ! ಬದನೆಕಾಯಿ ಬೇಡ, ಬ್ರೆಡ್ಡೂ ಬೇಡ!"

"ಅಲ್ಲಾ ಕ್ಯಾಪ್ಟನ್, ನಾ ಹೇಳ್ತಿರೋದು ದೋಣಿ..."

"ದೋಣೀನೂ ಬೇಡ! ಹೋಗಯ್ಯಾ, ಸುಮ್ನೆ ಹೋಗು!"

"ಆಯ್ತು, ಸಂಜೆ ಅಮ್ಮಾವ್ರ ಹತ್ರಾನೇ ಮಾತಾಡ್ಕೋತೀನಿ ಬಿಡಿ," ಎಂದು ನಗುತ್ತಾ ಕತ್‌ಬರ್ಟ್ ಹೊರಟುಹೋದ. ಸಂಜೆಯೊಳಗೆ ಕೆಲಸ ಮುಗಿಯಲೇಬೇಕು ಎಂದು ಓವಿದಿಯೊ ಇನ್ನೂ ಜೋರಾಗಿ ಹುಟ್ಟು ಹಾಕಿದ.

ಕಾಂಡ್ಲಾ ಗಿಡಗಳ ನಡುವೆ ಸೊಳ್ಳೆಗಳು ಅವನನ್ನು ಬಹಳ ದಿನದಿಂದ ಕಾದಿದ್ದವರಂತೆ ಬರಮಾಡಿಕೊಂಡವು. ಕೆಸರು ಮೊಣಕಾಲಿಗೆ ಬಂತು. ಒಂದು ಚಪ್ಪಲಿ ಹೋಯಿತು. ಆದರೆ ಅಗೋ, ಬೇರುಗಳ ಸಂದಿಯಲ್ಲಿ ಕಂದು ಬಟ್ಟೆಯ ಹೊದಿಕೆಯ ಮರಿದೋಣಿ! ಅದು ನೇಲಿದಾ ಕೈಯಾರೆ ಹೊಲಿದ ಹೊದಿಕೆ. ಅವನಿಗೆ ಅಳುವೇ ಬಂತು. ಅದರ ಮೂತಿಗೆ ಒಂದು ಮುತ್ತು ಕೊಟ್ಟ.

ಇಲ್ಲೊಂದು ಮಾತು ಹೇಳಬೇಕು. ನೇಲಿದಾ ಬಿಸಿಲಿಗೆ ರಬ್ಬರು ಹಾಳಾಗದಂತೆ ಹೊದಿಕೆ ಹೊಲಿದದ್ದು ತಮ್ಮ ದೋಣಿಗೆ ಮಾತ್ರವಲ್ಲ. ಅದೇ ಥಾನಿನ ಕಂದು ಬಟ್ಟೆಯಲ್ಲಿ ಕೊಲ್ಲಿಯ ಅರ್ಧ ಮರಿದೋಣಿಗಳಿಗೆ ಹೊಲಿದುಕೊಟ್ಟಿದ್ದಳು. ಇನ್ನು ಹೆಸರು ಬರೆಯುವುದಂತೂ ನಮ್ಮಲ್ಲಿ ಇಲ್ಲವೇ ಇಲ್ಲ. ದಡದಲ್ಲಿ ಕಟ್ಟಿದ ಮರಿದೋಣಿಯ ಮೇಲೆ ಹೆಸರಿದ್ದರೆ, ಯಾರ ಮನೆ ಖಾಲಿಯಿದೆ ಎಂದು ಕಳ್ಳನಿಗೆ ನಾವೇ ಹೇಳಿಕೊಟ್ಟಂತಲ್ಲವೇ?

ಓವಿದಿಯೊ ಹತ್ತಿ ಕುಳಿತ. ಒಳಗೆ ನೀರು ತೋಡುವ ಹಸಿರು ಡಬ್ಬಿ ಇತ್ತು. ತಮ್ಮದು ಬಿಳಿಯದಾಗಿತ್ತು. "ಹೊಸದು ತಗೊಂಡ್ರೆ ಒಂದು ಮಾತು ಹೇಳಲ್ಲ ಇವಳು," ಎಂದು ಗೊಣಗಿದ. ಸೀಟಿನ ಕೆಳಗೆ ನೇರಳೆ ಹೂವಿನ ಒಂದು ಟೋಪಿ ಸಿಕ್ಕಿತು. "ಇದನ್ನ ಯಾವಾಗ ಹಾಕ್ಕೋತಾಳೆ?" ಎಂದು ಬೆರಗಾಗಿ ಬಿಸಿಲಿಗೆ ತಾನೇ ಹಾಕಿಕೊಂಡ. ಹಾಸಿಗೆಯನ್ನು ಅಡ್ಡ ಹೇರಿ, ದೋಣಿಯಲ್ಲಿದ್ದ ಜೋಡಿ ಹುಟ್ಟು ಹಾಕುತ್ತಾ, ಹಾಡು ಹೇಳುತ್ತಾ ಮರಳಿದ.

'ಪಸಿಯೆನ್ಸಿಯಾ' ತಲುಪಿ ಮರಿದೋಣಿಯನ್ನು ಕೊಕ್ಕೆಗೆ ಏರಿಸುವಾಗ ರೇಡಿಯೊ ಮತ್ತೆ ಮಾತಾಡಿತು. "ತೇಪೆ ಆಯ್ತಾ ಓವಿದಿಯೊ? ನಿಮ್ಮದಾದ್ರೂ ಬಂತಲ್ಲ, ಸಂತೋಷ," ಎಂದು ಮರ್ಜೊಲೆನ್ ನಿಟ್ಟುಸಿರುಬಿಟ್ಟಳು. ಹಳದಿ ಪಟ್ಟಿಯ ಹುಟ್ಟನ್ನು ಓವಿದಿಯೊ ಒದ್ದೆ ಹಾಸಿಗೆಯ ಕೆಳಗೆ ತೂರಿಸಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟ. ಆ ಸಂಜೆ ಅವರ ದೋಣಿಯಲ್ಲೇ ನೆರೆಯವರ ಕೂಟ.

ಮೊದಲು ಬಂದವರು ಯುರ್ರೆ ಮತ್ತು ಅವನ ಹೆಂಡತಿ ಫೆನ್ನಾ. ಜೊತೆಗೆ ಮರ್ಜೊಲೆನ್. ಮೂವರೂ ಒಂದೇ ಹುಟ್ಟಿನ ದೋಣಿಯಲ್ಲಿ ಸುತ್ತಿ ಸುತ್ತಿ ತಲೆತಿರುಗಿ ಬಂದಿದ್ದರು.

"ನನ್ನ ಎಂಜಿನ್ ಸರಿ ಇಲ್ಲ, ಅದಕ್ಕೇ ಇವರ ಜೊತೆ ಬಂದೆ," ಎಂದು ಮರ್ಜೊಲೆನ್ ಯಾರೂ ಕೇಳದಿದ್ದರೂ ಹೇಳಿದಳು. ಕುಳಿತವಳ ಕಣ್ಣು ಹಿಂದೆ ತೂಗುತ್ತಿದ್ದ ಮರಿದೋಣಿಯ ಮೇಲೆ ನೆಟ್ಟಿತು. ಹಸಿರು ಡಬ್ಬಿ ನೋಡಿದಳು. ಅದರೊಳಗೇ ಬಿಟ್ಟಿದ್ದ ಟೋಪಿ ನೋಡಿದಳು. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದಳು.

ಅಷ್ಟರಲ್ಲಿ ಕತ್‌ಬರ್ಟ್‌ನ ದೋಣಿಯ ಸದ್ದು. ಮುಂದೆ ಚೀಲಗಳ ನಡುವೆ ನೇಲಿದಾ. ಹಿಂದೆ ಹಗ್ಗ ಕಟ್ಟಿ ಎಳೆದುತಂದ ಒಂದು ಮರಿದೋಣಿ. ಕಂದು ಹೊದಿಕೆ, ಬಿಳಿ ಡಬ್ಬಿ, ಮಗ್ಗುಲಲ್ಲಿ ಮಿರಿಮಿರಿ ಹೊಸ ತೇಪೆ.

"ಮುದುಕಾ, ಹಗ್ಗ ಹಿಡ್ಕೊ! ತೇಪೆ ಚೆನ್ನಾಗಿ ಹಾಕಿದಾನೆ ಕತ್‌ಬರ್ಟ್‌ನ ಭಾವ. ರಾತ್ರಿ ಹೇಳಿದ್ನಲ್ಲ, ಗಾಳಿ ಸೋರ್ತಿದೆ, ಬೆಳಿಗ್ಗೆ ತಗೊಂಡು ಹೋಗ್ತೀನಿ ಅಂತ," ಎಂದು ಹಗ್ಗ ಎಸೆದವಳು ಕೊಕ್ಕೆ ನೋಡಿ ನಿಂತಳು. "ಇದ್ಯಾವುದು ಇಲ್ಲಿ ನೇತಾಡ್ತಿರೋದು?"

ಹಗ್ಗ ಹಿಡಿದ ಓವಿದಿಯೊ ಕೊಕ್ಕೆಯ ದೋಣಿಯನ್ನೊಮ್ಮೆ, ನೀರಿನ ದೋಣಿಯನ್ನೊಮ್ಮೆ ನೋಡಿದ. ತಾನು ಬೆಳಿಗ್ಗೆ ಹೇಳಿದ ಸುಳ್ಳು ಸುಳ್ಳೇ ಆಗಿರಲಿಲ್ಲ! ಎಲ್ಲರೂ ಅವನನ್ನೇ ನೋಡುತ್ತಿದ್ದರು. ಯೋಚನೆ ಮಾಡುತ್ತಲೇ ಕೈಗೆ ಸಿಕ್ಕ ಕಂಬಿಗೆ ಹಗ್ಗವನ್ನು ಹೇಗೋ ಸುತ್ತಿ ಒಂದು ಗಂಟು ಹಾಕಿದ.

"ಅದು ನಂದು," ಎಂದಳು ಮರ್ಜೊಲೆನ್, ಕೆನ್ನೆ ಕೆಂಪು ಮಾಡಿಕೊಂಡು. "ರಾತ್ರಿ ಎತ್ತೋದು ಮರ್ತುಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಇಲ್ಲ. ಓವಿದಿಯೊ ಆ ನಿಯಮ ಹೇಳಿದ್ಮೇಲೆ ನಾಚಿಕೆಗೆ ಬಾಯೇ ಬಿಡ್ಲಿಲ್ಲ."

ಓವಿದಿಯೊಗೆ ಮುಳುಗುವವನ ಕೈಗೆ ಹಗ್ಗ ಸಿಕ್ಕಂತಾಯಿತು. ಗಂಟಲು ಸರಿಮಾಡಿಕೊಂಡ. "ನಂಗೆ ಗೊತ್ತಿತ್ತು ಮರ್ಜೊಲೆನ್. ಬೆಳಿಗ್ಗೆ ನಿಮ್ಮ ದೋಣಿ ಇಲ್ಲದ್ದು ಕಣ್ಣಿಗೆ ಬಿತ್ತು. ರೇಡಿಯೊದಲ್ಲಿ ಹೇಳಿ ನಿಮ್ಮ ಮರ್ಯಾದೆ ಕಳೀಬಾರ್ದು ಅಂತ, ವ್ಯಾಯಾಮ ಅಂತ ಸುಳ್ಳು ಹೇಳ್ಕೊಂಡು, ಹಾಸಿಗೆ ಮೇಲೆ ಹೋಗಿ, ಸೊಳ್ಳೆ ಕೈಲಿ ಕಚ್ಚಿಸ್ಕೊಂಡು ತಂದೆ."

"ಓ, ಓವಿದಿಯೊ!" ಮರ್ಜೊಲೆನ್ ಎದ್ದು ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಕತ್‌ಬರ್ಟ್ ಚಪ್ಪಾಳೆ ತಟ್ಟಿದ. ನೇಲಿದಾ ಮಾತ್ರ ಹುಬ್ಬೇರಿಸಿ, ಒದ್ದೆ ಹಾಸಿಗೆಯನ್ನೂ ಗಂಡನನ್ನೂ ನೋಡಿದಳು.

"ಸರ್," ಎಂದ ಯುರ್ರೆ ಮೆಲ್ಲಗೆ. "ಹಾಸಿಗೆ ಮೇಲೆ ಅಷ್ಟು ದೂರ ಯಾವ ಹುಟ್ಟು ಹಾಕ್ಕೊಂಡು ಹೋದ್ರಿ?"

"ಹೇಳಿದ್ನಲ್ಲಪ್ಪಾ, ವ್ಯಾಯಾಮದ ಹುಟ್ಟು! ಅದು ಕಾಂಡ್ಲಾ ಕೆಸರಲ್ಲೇ ಹೋಯ್ತು," ಎಂದ ಓವಿದಿಯೊ.

ಯುರ್ರೆ ಹಾಸಿಗೆಯ ಅಂಚಿನಿಂದ ಇಣುಕುತ್ತಿದ್ದ ಹಳದಿ ಪಟ್ಟಿಯನ್ನು ನೋಡಿದ. ಮನೆಯಿಂದ ಅಕಾರ್ಡಿಯನ್ ತರುತ್ತೇನೆ ಎಂದು ಹೆಂಡತಿಯನ್ನು ಕರೆದುಕೊಂಡು ಇಳಿದು ಹೋದ.

ನೇಲಿದಾ ಬಿಸಿಬಿಸಿ ಎಂಪನಾಡ ತಂದಿಟ್ಟಳು. ಮಾಂಸದ ಹೂರಣ ತುಂಬಿದ ಆ ಕಡುಬಿಗೆ ಕತ್‌ಬರ್ಟ್ ತಂದ ಕಬ್ಬಿನ ರಮ್ಮು ಜೊತೆಯಾಯಿತು. ಸೂರ್ಯ ಮುಳುಗುತ್ತಿದ್ದ. ಓವಿದಿಯೊ ಸೊಳ್ಳೆಗಳ ಕತೆಯನ್ನು ಮೂರನೆಯ ಸಲ ಹೇಳುತ್ತಿದ್ದ, ಅಷ್ಟರಲ್ಲಿ ಸೊಳ್ಳೆಗಳ ಜೊತೆ ಒಂದು ಮೊಸಳೆಯೂ ಸೇರಿಕೊಂಡಿತ್ತು. ಇಷ್ಟು ಸುಖವಾದ ಸಂಜೆಯನ್ನು ಅವನು ಈ ನೀರಿನ ಮೇಲೆ ಕಂಡಿರಲಿಲ್ಲ.

ಆಗ ರೇಡಿಯೊ ಮಾತಾಡಿತು.

"ಎಲ್ಲರಿಗೂ ನಮಸ್ಕಾರ, ನಾನು ಯುರ್ರೆ. ಕೊಲ್ಲಿ ಬಾಯಲ್ಲಿ ತೇಲಿ ಹೋಗ್ತಿದ್ದ ಒಂದು ಮರಿದೋಣಿ ಸಿಕ್ತು. ಕಂದು ಹೊದಿಕೆ, ಬಿಳಿ ಡಬ್ಬಿ, ಹೊಸ ತೇಪೆ. ಹಗ್ಗದ ತುದೀಲಿ ಗಂಟು ಹಾಕಿದ ಗುರುತೂ ಇಲ್ಲ. ಎರಡೂ ಹುಟ್ಟು ಇವೆ, ನಮಗೆ ಒಂದು ಬೇಕೇ ಇತ್ತು. ಯಾರದ್ದು ಅಂತ ಕೇಳ್ತಿಲ್ಲ. ಬೆಳಿಗ್ಗೆ ಹೇಳಿದ್ರಲ್ಲ, ಕೇಳೋಕೆ ನಾಚಿಕೆ ಆಗ್ಬೇಕು ಅಂತ."

ಎಲ್ಲರೂ ಹಿಂದಕ್ಕೆ ತಿರುಗಿದರು. ಕೊಕ್ಕೆಗಳಲ್ಲಿ ಮರ್ಜೊಲೆನ್‌ಳ ದೋಣಿ ಹಾಯಾಗಿ ತೂಗುತ್ತಿತ್ತು. ಅದು ಅಲ್ಲಿದ್ದುದರಿಂದಲೇ ತಮ್ಮದನ್ನು ಎತ್ತಲು ಜಾಗವಿರಲಿಲ್ಲ. ಕೆಳಗೆ ನೀರಲ್ಲಿ ಏನೂ ಇರಲಿಲ್ಲ.

ಓವಿದಿಯೊ ಎಂಪನಾಡ ಬಿಸಾಕಿ ಮೈಕಿಗೆ ನುಗ್ಗಿದ. ಆದರೆ ನೇಲಿದಾ ಹತ್ತಿರ ಇದ್ದಳು. ಸೆರಗಿನಂತೆ ಹೆಗಲಿಗೆ ಹಾಕಿಕೊಂಡಿದ್ದ ಟವೆಲಿಗೆ ಕೈ ಒರೆಸಿಕೊಂಡು ಮೈಕು ಎತ್ತಿಕೊಂಡಳು.

"ಯುರ್ರೆ, ಮಗಾ, ಅದು ನಿಂದೇ. ನೀರಲ್ಲಿ ಬಿಟ್ಟಿದ್ದು ಸಿಕ್ಕಿದವರ ಪಾಲು. ಬೆಳಿಗ್ಗೆ ಕತ್‌ಬರ್ಟ್ ದೋಣಿಯ ರೇಡಿಯೊದಲ್ಲಿ ನಾನೂ ಕೇಳಿದೆ, ನಮ್ಮವರು ಮಾಡಿದ ನಿಯಮ. ನಮ್ಮವರೇ ಮುರಿದ್ರೆ ಹೇಗೆ? ಇನ್ನೊಂದು ಹುಟ್ಟೂ ಇಲ್ಲಿ ಹಾಸಿಗೆ ಕೆಳಗಿದೆ, ನಾಳೆ ಬಂದು ತಗೊಂಡು ಹೋಗು."

"ನೇಲೀ!" ಎಂದ ಓವಿದಿಯೊ ಅಳುವ ಧ್ವನಿಯಲ್ಲಿ.

"ರಾತ್ರಿ ಎತ್ತಿದೆ ಅಂದೆ. ಬೆಳಿಗ್ಗೆ ಎದ್ದಾಗ ಅದು ನೀರಲ್ಲೇ ಇತ್ತು ಮುದುಕಾ. ಅದನ್ನ ಹೊಟ್ಟೆಗೆ ಹಾಕ್ಕೊಂಡಿದ್ದೆ," ಎಂದಳು ನೇಲಿದಾ. ಈ ಸಲದ 'ಮುದುಕಾ' ಯಾವುದು ಎಂದು ಧ್ವನಿಯಿಂದಲೂ ತಿಳಿಯಲಿಲ್ಲ, ಅಷ್ಟು ಸಿಹಿಯಾಗಿತ್ತು. ಅವಳ ಕಣ್ಣಲ್ಲಿ ಆಗಲೇ ನಿಂಬೆ ಗಿಡ ಹೂಬಿಟ್ಟಿತ್ತು. ಕತ್‌ಬರ್ಟ್ ಕಡೆ ತಿರುಗಿ ಕೇಳಿದಳು: "ನಾಳೆ ಬೆಳಿಗ್ಗೆ ನಮ್ಮನ್ನ ಹಡಗುಕಟ್ಟೆಗೆ ಬಿಡ್ತೀಯಾ?"

"ಅದಕ್ಕೇನಂತೆ ಅಮ್ಮಾ. ಸಾಮಾನು ಎಷ್ಟಿದೆ?"

"ಎರಡು ಪೆಟ್ಟಿಗೆ, ಒಬ್ಬ ಗಂಡ."

ಕತ್‌ಬರ್ಟ್ ತನ್ನ ದೋಣಿಯನ್ನೊಮ್ಮೆ ಬಗ್ಗಿ ನೋಡಿದ. ಬಾಳೆಗೊನೆಗಳನ್ನು ನೋಡಿದ. ರಮ್ಮಿನ ಲೋಟ ಕೆಳಗಿಟ್ಟು ತಲೆ ಕೆರೆದುಕೊಂಡ.

"ಪೆಟ್ಟಿಗೆಗೆ ಜಾಗ ಇದೆ ಅಮ್ಮಾ," ಎಂದ. "ಕ್ಯಾಪ್ಟನ್ ಹೇಗಿದ್ರೂ ಹಾಸಿಗೆ ಮೇಲೆ ಬರ್ತಾರಲ್ಲ."